ಬಾಯಿಯೊಳಗಿನ ಬಿಳಿ ಮಚ್ಚೆ



ಈ ಮಾತುಗಳನ್ನು ಕಿರುತೆರೆಯಲ್ಲಿ ಆಡುವಾಗ ಎದುರಿನ ಮೇಜಿನ ಮೇಲೆ ಮೂರು ವಸ್ತುಗಳನ್ನು ಇಟ್ಟುಕೊಂಡಿದ್ದೆ. ಒಂದು ಬ್ಯಾಟರಿ, ಒಂದು ಮುಖ ನೋಡುವ ಕನ್ನಡಿ, ಬೆರಳುದ್ದದ ಒಂದು ಪ್ಲಾಸ್ಟಿಕ್ ಕೊಳವೆ. ಅಚ್ಚಿನಲ್ಲಿ ಅವನ್ನು ಎತ್ತಿ ತೋರಿಸುವ ಹಾಗಿಲ್ಲ, ನೀವೇ ಕಲ್ಪಿಸಿಕೊಳ್ಳಬೇಕು. ಮೊದಲಿನ ಎರಡು ನಿಮ್ಮ ಮನೆಯಲ್ಲೇ ಇವೆ. ಮೂರನೆಯದು ಜೊಲ್ಲನ್ನು ಹಿಡಿದಿಡುವ ಕೊಳವೆ. ಅದರೊಳಗಿನ ಒಂದು ಚಮಚ ಜೊಲ್ಲಿನಲ್ಲಿ ಕ್ಯಾನ್ಸರಿನ ಸುಳಿವನ್ನು ಓದಬಹುದೇ ಎಂದು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ವಿಜ್ಞಾನಿಗಳು ದುಡಿಯುತ್ತಿದ್ದಾರೆ. ನಾನು ಹಲ್ಲಿನ ಡಾಕ್ಟರು. ಆದರೂ ಇಂದು ಹಲ್ಲಿಗಿಂತ ಹೆಚ್ಚಾಗಿ ಹಲ್ಲಿನ ಸುತ್ತಲಿನ ಚರ್ಮದ ವಿಷಯವನ್ನೇ ಮಾತಾಡುತ್ತೇನೆ. ಕಾರಣ ಮುಂದೆ ತಿಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಮಲೆನಾಡಿನ ಕಡೆಯ ಒಬ್ಬ ಹಿರಿಯ ಹೆಂಗಸು ಮಗನ ಜೊತೆ ಬಂದರು. "ಕಟ್ಟಿಸಿದ ಹಲ್ಲು ಒತ್ತುತ್ತದೆ ಡಾಕ್ಟ್ರೇ, ಒಂಚೂರು ಉಜ್ಜಿ ಕೊಡಿ" ಅಂದರು. ಹಲ್ಲಿನ ಸೆಟ್ಟನ್ನು ತೆಗೆಸಿ ಬೆಳಕು ಬಿಟ್ಟೆ. ಎಡಗೆನ್ನೆಯ ಒಳಗೆ, ಅವರು ಕವಳ ಇಟ್ಟುಕೊಳ್ಳುತ್ತಿದ್ದ ಜಾಗದಲ್ಲೇ, ಎಂಟಾಣೆ ಪಾವಲಿಯಷ್ಟಗಲದ ಬಿಳಿ ಮಚ್ಚೆ ಇತ್ತು. ನಡುವೆ ಅಲ್ಲಲ್ಲಿ ಕೆಂಪು. "ಅಮ್ಮ, ಇದು ಎಷ್ಟು ದಿವಸದಿಂದ ಇದೆ?" ಎಂದು ಕೇಳಿದೆ. "ಅದಾ? ಎರಡು ವರ್ಷ ಆಯ್ತು. ನೋವೇನೂ ಇಲ್ಲ. ಕವಳದ ಸುಣ್ಣ ಸುಟ್ಟ ಕಲೆ ಅಲ್ವಾ?" ಎಂದರು.

ನೋವೇನೂ ಇಲ್ಲ. ಈ ಎರಡು ಪದಗಳು ನಮ್ಮ ದೇಶದಲ್ಲಿ ಎಷ್ಟು ಜನರ ಪ್ರಾಣ ತೆಗೆದಿವೆಯೋ! ಹಲ್ಲು ನೋಯುತ್ತದೆ, ಮಧ್ಯರಾತ್ರಿಯಲ್ಲೂ ಎದ್ದು ಬರುತ್ತಾರೆ. ಕ್ಯಾನ್ಸರಿನ ಮುನ್ಸೂಚನೆಯ ಮಚ್ಚೆ ನೋಯುವುದಿಲ್ಲ, ಆದ್ದರಿಂದ ಯಾರೂ ಬರುವುದಿಲ್ಲ.

ಭಾರತದಲ್ಲಿ 2022ರಲ್ಲಿ ಸುಮಾರು 1 ಲಕ್ಷ 43 ಸಾವಿರ ಜನರಿಗೆ ಹೊಸದಾಗಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಬಂದಿತೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಅದೇ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ಇನ್ನೊಂದು ಲೆಕ್ಕವಿದೆ. ಇಡೀ ಪ್ರಪಂಚದಲ್ಲಿ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಯ ದೆಸೆಯಿಂದ ಒಂದು ವರ್ಷದಲ್ಲಿ ಬಂದ ಬಾಯಿ ಕ್ಯಾನ್ಸರ್ ಸುಮಾರು 1 ಲಕ್ಷ 20 ಸಾವಿರ. ಅದರಲ್ಲಿ 83 ಸಾವಿರಕ್ಕೂ ಹೆಚ್ಚು ಭಾರತದ್ದೇ. ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಖೈನಿ ಇವೆಲ್ಲ ಈ ಲೆಕ್ಕದೊಳಗೆ ಸೇರಿವೆ.

ಇಲ್ಲಿ ಒಂದು ಕಹಿ ಮಾತನ್ನು ಹೇಳಲೇಬೇಕು. ನಾನೂ ಅಡಿಕೆ ತೋಟದ ಮನೆಯಲ್ಲಿ ಬೆಳೆದವನು. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹನ್ನೆರಡರವರೆಗೆ ಮೆಟ್ಟುಗತ್ತಿಯ ಮುಂದೆ ಕೂತವರ ಹಾಡು ಕೇಳುತ್ತ ನಿದ್ದೆಹೋದವನು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕವೇ. ಮದುವೆಯ ವೀಳ್ಯದಿಂದ ಹಿಡಿದು ಮನೆಗೆ ಬಂದ ನೆಂಟರ ಉಪಚಾರದವರೆಗೆ ಅಡಿಕೆಯಿಲ್ಲದೆ ನಮಗೆ ನಡೆಯದು. "ತಂಬಾಕು ಕೆಟ್ಟದ್ದು, ಬರೀ ಅಡಿಕೆ ಏನೂ ಮಾಡದು" ಎಂದು ನಾವೆಲ್ಲ ನಂಬಿಕೊಂಡಿದ್ದೆವು. ಆದರೆ ತಂಬಾಕು ಸೇರದ ಎಲೆಅಡಿಕೆಯೂ, ಅಡಿಕೆ ತಾನಾಗಿಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಅದೇ ಅಂತಾರಾಷ್ಟ್ರೀಯ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯ ಕೊಟ್ಟಿತು. ಬೆಳೆಗಾರರ ಬದುಕಿನ ಪ್ರಶ್ನೆ ಬೇರೆ, ಅದು ದೊಡ್ಡದು. ಆದರೆ ವೈದ್ಯನಾದವನು ಬೆಲೆ ನೋಡಿಕೊಂಡು ಮಾತಾಡುವ ಹಾಗಿಲ್ಲ.

ಅಡಿಕೆ ಏನು ಮಾಡುತ್ತದೆ? ಅದರಲ್ಲಿ ಅರೆಕೊಲಿನ್ ಎಂಬ ಒಂದು ಸಾರವಿದೆ. ಅಗಿದಾಗ ಹಿತವಾದ ಬಿಸಿ, ಒಂದಿಷ್ಟು ಚುರುಕು ಬರುವುದು ಅದರಿಂದಲೇ. ಕೆನ್ನೆಯ ಒಳಪದರದ ಅಡಿಯಲ್ಲಿ ನಾರು ನೇಯುವ ಜೀವಕೋಶಗಳಿರುತ್ತವೆ. ಅರೆಕೊಲಿನ್ ಅವುಗಳನ್ನು ಕೆರಳಿಸುತ್ತದೆ. ಅವು ಬೇಕಾದ್ದಕ್ಕಿಂತ ಹೆಚ್ಚು ನಾರನ್ನು ನೇಯುತ್ತ ಹೋಗುತ್ತವೆ. ಹಳೆಯ ನಾರು ಕರಗುವುದೂ ನಿಧಾನವಾಗುತ್ತದೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಕೆನ್ನೆ ಬಿಳಿಚಿಕೊಂಡು ತೊಗಲಿನ ಹಾಗೆ ಬಿಗಿಯಾಗುತ್ತದೆ. ಕಡೆಗೆ ಬಾಯಿಯೇ ತೆರೆಯುವುದಿಲ್ಲ. ಇದಕ್ಕೆ ಬಾಯಿಯ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತೇವೆ. ಇದು ಕ್ಯಾನ್ಸರಲ್ಲ, ಆದರೆ ಕ್ಯಾನ್ಸರಿನ ಹೊಸ್ತಿಲು. ಈಗಲೇ ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮದೇ ಕೈಯ ಮೂರು ಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ಇಡಿ. ಹಿಡಿಸಬೇಕು. ಹಿಂದೆ ಹಿಡಿಸುತ್ತಿದ್ದದ್ದು ಈಗ ಎರಡೇ ಬೆರಳಿಗೆ ಇಳಿದಿದ್ದರೆ ಕಾರಣ ಹುಡುಕಬೇಕು.

ಹಿಂದೆ ಇದನ್ನು ವಯಸ್ಸಾದವರಲ್ಲಿ ನೋಡುತ್ತಿದ್ದೆವು. ಗುಟ್ಕಾ ಚೀಟಿಗಳು ಅಂಗಡಿಯ ಬಾಗಿಲಲ್ಲಿ ತೋರಣದ ಹಾಗೆ ತೂಗತೊಡಗಿದ ಮೇಲೆ ಕಾಲೇಜು ಹುಡುಗರೇ ಬರತೊಡಗಿದರು. ಕರ್ನಾಟಕ ಸರ್ಕಾರ 2013ರ ಮೇ ತಿಂಗಳಲ್ಲಿ ಗುಟ್ಕಾವನ್ನು ನಿಷೇಧಿಸಿತು. ಅದರ ನಂತರ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡರೆ ಆಯಿತು, ಕಾನೂನಿಗೆ ನಮಸ್ಕಾರ.

ಈಗ ಕೊಳವೆಯ ವಿಷಯಕ್ಕೆ ಬರೋಣ. ಅದಕ್ಕೆ ಮುನ್ನ ಆರ್‌ಎನ್‌ಎ ಎಂದರೇನೆಂದು ಸ್ವಲ್ಪ ತಿಳಿದುಕೊಳ್ಳಬೇಕು. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯನ್ನು ನೆನಪಿಸಿಕೊಳ್ಳಿ. ಮೂಲ ಪುಸ್ತಕ ಅಲ್ಲಿಂದ ಹೊರಗೆ ಬರುವುದಿಲ್ಲ. ನಿಮಗೆ ಬೇಕಾದ ಪುಟದ ನಕಲನ್ನಷ್ಟೇ ಕೊಡುತ್ತಾರೆ. ಆ ನಕಲನ್ನು ಹಿಡಿದುಕೊಂಡೇ ಬ್ಯಾಂಕಿನಲ್ಲಿ ಸಾಲ, ಸೊಸೈಟಿಯಲ್ಲಿ ಗೊಬ್ಬರ. ಜೀವಕೋಶದೊಳಗೂ ಹೀಗೆಯೇ. ಡಿಎನ್‌ಎ ಮೂಲ ಪುಸ್ತಕ. ಅದರಿಂದ ತೆಗೆದ ನಕಲು ಆರ್‌ಎನ್‌ಎ. ನಕಲಿನಲ್ಲಿ ಬರೆದಂತೆ ಪ್ರೋಟೀನುಗಳು ತಯಾರಾಗುತ್ತವೆ. ಯಾವ ಪುಟದ ನಕಲು ಎಷ್ಟು ಹೊರಬಂದಿದೆ ಎಂದು ಎಣಿಸಿದರೆ ಆ ಕೋಶ ಈ ಹೊತ್ತು ಯಾವ ಕೆಲಸದಲ್ಲಿದೆ ಎಂದು ಹೇಳಬಹುದು. ಕ್ಯಾನ್ಸರಿನತ್ತ ತಿರುಗಿದ ಕೋಶ ಬೇಡದ ಪುಟಗಳ ನಕಲನ್ನು ರಾಶಿ ರಾಶಿ ತೆಗೆಯುತ್ತಿರುತ್ತದೆ.

ಆದರೆ ಎಲ್ಲ ಆರ್‌ಎನ್‌ಎಯೂ ನಕಲಲ್ಲ. ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕನ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಮಿಲಿಮೀಟರ್ ಉದ್ದದ, ಮಣ್ಣಿನಲ್ಲಿ ಬದುಕುವ ಒಂದು ದುಂಡು ಹುಳುವನ್ನು ಅಭ್ಯಾಸ ಮಾಡುತ್ತಿದ್ದರು. ಆ ಹುಳುವಿನಲ್ಲಿ ಕೇವಲ ಇಪ್ಪತ್ತೆರಡು ಅಕ್ಷರದಷ್ಟು ಉದ್ದದ ಒಂದು ತುಣುಕು ಆರ್‌ಎನ್‌ಎ ಸಿಕ್ಕಿತು. ಅದರಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಅದು ಹೋಗಿ ದೊಡ್ಡ ನಕಲಿಗೆ ಅಂಟಿಕೊಂಡು, ಆ ನಕಲಿನ ಕೆಲಸವನ್ನು ತಡೆಯುತ್ತದೆ. ಕಡತದ ಮೇಲೆ ಗುಮಾಸ್ತರು "ಸದ್ಯಕ್ಕೆ ತಡೆಹಿಡಿಯಲಾಗಿದೆ" ಎಂದು ಒಂದು ಚೀಟಿ ಅಂಟಿಸುತ್ತಾರಲ್ಲ, ಹಾಗೆ. ಇದು 1993ರ ಮಾತು. ಹುಳುವಿನ ವಿಚಿತ್ರವೆಂದು ಹೆಚ್ಚಿನವರು ಅದನ್ನು ಬದಿಗಿಟ್ಟರು. 2000ದಲ್ಲಿ ರುವ್ಕನ್ ಅವರ ತಂಡಕ್ಕೆ ಇಂಥದೇ ಇನ್ನೊಂದು ತುಣುಕು ಸಿಕ್ಕಿತು, ಅದು ಮನುಷ್ಯನಲ್ಲೂ ಇತ್ತು. ಅಲ್ಲಿಂದ ಬಾಗಿಲು ತೆರೆಯಿತು. ಮನುಷ್ಯನಲ್ಲಿ ಇಂಥ ಚೀಟಿಗಳು ಸಾವಿರಕ್ಕೂ ಹೆಚ್ಚಿವೆ ಎಂದು ಈಗ ಗೊತ್ತಾಗಿದೆ. ಇವಕ್ಕೆ ಮೈಕ್ರೋ ಆರ್‌ಎನ್‌ಎ ಎಂದು ಹೆಸರು. 2024ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಈ ಇಬ್ಬರಿಗೆ ಸಂದಿತು. ಮೂವತ್ತೊಂದು ವರ್ಷ ಕಾದ ಹುಳು!

ಕ್ಯಾನ್ಸರಿಗೂ ಇವಕ್ಕೂ ಏನು ಸಂಬಂಧ? ತಡೆ ಹಾಕುವ ಚೀಟಿ ಕಳೆದುಹೋದರೆ ಬೆಳೆಯಬಾರದ ಕೋಶ ಬೆಳೆಯುತ್ತದೆ. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಇಂಥ ಎರಡು ಮೈಕ್ರೋ ಆರ್‌ಎನ್‌ಎಗಳು ಕಳೆದುಹೋಗಿರುವುದನ್ನು ಕಾರ್ಲೊ ಕ್ರೋಚೆ ಅವರ ತಂಡ 2002ರಲ್ಲಿ ತೋರಿಸಿತು. ಬಾಯಿಯ ಕ್ಯಾನ್ಸರಿನಲ್ಲೂ ಕೆಲವು ಏರಿವೆ, ಕೆಲವು ಇಳಿದಿವೆ ಎಂದು ಆಮೇಲೆ ಕಂಡುಬಂತು.

ಈಗ ಜೊಲ್ಲು. ನಮ್ಮಲ್ಲಿ ಎಂಜಲೆಂದರೆ ಮೈಲಿಗೆ. ಮುಟ್ಟಿದರೆ ಕೈ ತೊಳೆಯಬೇಕು. ಆ ಎಂಜಲನ್ನೇ ವಿಜ್ಞಾನಿಗಳು ಮಂಜುಗಡ್ಡೆಯ ಮೇಲಿಟ್ಟು ಚಿನ್ನದ ಹಾಗೆ ಕಾಪಾಡುತ್ತಾರೆ. ಆರ್‌ಎನ್‌ಎ ತೀರ ಸೂಕ್ಷ್ಮ ವಸ್ತು, ಜೊಲ್ಲಿನಲ್ಲಿ ಅದನ್ನು ಕತ್ತರಿಸಿ ಹಾಕುವ ಕಿಣ್ವಗಳು ಬೇಕಾದಷ್ಟಿವೆ. ಅದರಲ್ಲಿ ಆರ್‌ಎನ್‌ಎ ಉಳಿಯುವುದೇ ಸಾಧ್ಯವಿಲ್ಲ ಎಂದು ತುಂಬ ಮಂದಿ ಅನುಮಾನಿಸಿದ್ದರು. ಉಳಿಯುತ್ತದೆ. ಜೀವಕೋಶಗಳು ಹೊರಹಾಕುವ ಕಣ್ಣಿಗೆ ಕಾಣದ ಕೊಬ್ಬಿನ ಗುಳ್ಳೆಗಳೊಳಗೆ ಅಡಗಿ, ಇಲ್ಲವೇ ಪ್ರೋಟೀನುಗಳಿಗೆ ಅಂಟಿಕೊಂಡು ಅದು ಬದುಕಿಕೊಳ್ಳುತ್ತದೆ.

ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ವಾಂಗ್ ಎಂಬವರಿದ್ದಾರೆ. ನಮ್ಮ ಹಾಗೆ ದಂತವೈದ್ಯರು. ಅವರ ತಂಡ 2004ರಲ್ಲಿ ಬಾಯಿ ಕ್ಯಾನ್ಸರಿನ 32 ರೋಗಿಗಳ ಜೊಲ್ಲನ್ನೂ, ರೋಗವಿಲ್ಲದ 32 ಜನರ ಜೊಲ್ಲನ್ನೂ ಹೋಲಿಸಿತು. ಏಳು ಆರ್‌ಎನ್‌ಎಗಳು ರೋಗಿಗಳಲ್ಲಿ ಎದ್ದು ಕಾಣುವಷ್ಟು ಹೆಚ್ಚಾಗಿದ್ದವು. ಅವುಗಳಲ್ಲಿ ಕೆಲವನ್ನು ಒಟ್ಟಿಗೆ ನೋಡಿದಾಗ ನೂರಕ್ಕೆ 91 ರೋಗಿಗಳನ್ನು ರೋಗಿಗಳೆಂದೂ, ನೂರಕ್ಕೆ 91 ನಿರೋಗಿಗಳನ್ನು ನಿರೋಗಿಗಳೆಂದೂ ಗುರುತಿಸಲು ಸಾಧ್ಯವಾಯಿತು. 2009ರಲ್ಲಿ ಅದೇ ತಂಡ ಜೊಲ್ಲಿನ ಎರಡು ಮೈಕ್ರೋ ಆರ್‌ಎನ್‌ಎಗಳು ಬಾಯಿ ಕ್ಯಾನ್ಸರಿನ ರೋಗಿಗಳಲ್ಲಿ ಕಡಿಮೆಯಾಗಿರುವುದನ್ನು ತೋರಿಸಿತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ, ಭಾರತದಲ್ಲೂ, ಇಂಥ ಕೆಲಸ ನಡೆದಿದೆ.

ನೂರಕ್ಕೆ 91 ಎಂದರೆ ಪರೀಕ್ಷೆಯಲ್ಲಿ ಡಿಸ್ಟಿಂಕ್ಷನ್. ಪತ್ರಿಕೆಗಳಲ್ಲಿ "ಇನ್ನು ಉಗುಳಿದರೆ ಸಾಕು, ಕ್ಯಾನ್ಸರ್ ಪತ್ತೆ" ಎಂಬ ತಲೆಬರಹಗಳು ಬಂದೇ ಬರುತ್ತವೆ. ದಯವಿಟ್ಟು ನನ್ನೊಂದಿಗೆ ಒಂದು ಮನೆಲೆಕ್ಕ ಮಾಡಿ. ಉದಾಹರಣೆಗೆ, ಹತ್ತು ಸಾವಿರ ಜನರ ಒಂದು ಊರಿದೆ ಎಂದುಕೊಳ್ಳೋಣ. ಅವರಲ್ಲಿ ಹತ್ತು ಜನರಿಗೆ ನಿಜವಾಗಿ ಬಾಯಿ ಕ್ಯಾನ್ಸರ್ ಇದೆ ಎಂದಿಟ್ಟುಕೊಳ್ಳಿ. ಈ ಪರೀಕ್ಷೆ ಆ ಹತ್ತರಲ್ಲಿ ಒಂಬತ್ತನ್ನು ಹಿಡಿಯುತ್ತದೆ. ಭೇಷ್. ಉಳಿದ 9,990 ಜನರಲ್ಲಿ ನೂರಕ್ಕೆ ಒಂಬತ್ತರಂತೆ ಸುಮಾರು 900 ಜನರಿಗೆ, ರೋಗವಿಲ್ಲದಿದ್ದರೂ, "ಇದೆ" ಎಂದು ಹೇಳುತ್ತದೆ! ಆ 900 ಮನೆಗಳಲ್ಲಿ ಅಂದು ರಾತ್ರಿ ಒಲೆ ಉರಿಯುವುದಿಲ್ಲ. ಇಷ್ಟು ಜನರನ್ನು ಯಾವ ಆಸ್ಪತ್ರೆಗೆ ಕಳಿಸುವುದು, ಯಾರು ಬಯಾಪ್ಸಿ ಮಾಡುವುದು?

ಇನ್ನೊಂದು ತೊಡಕೂ ಇದೆ, ಅದು ನನ್ನ ವೃತ್ತಿಗೆ ಸೇರಿದ್ದು. ಆ ಏಳು ಆರ್‌ಎನ್‌ಎಗಳಲ್ಲಿ ಒಂದು ಇಂಟರ್‌ಲ್ಯೂಕಿನ್-8 ಎಂಬುದರದು. ಅದು ದೇಹದಲ್ಲಿ ಎಲ್ಲೇ ಉರಿಯೂತವಿರಲಿ ಏರುವ ವಸ್ತು. ವಸಡಿನಲ್ಲಿ ರಕ್ತ ಬರುವುದು, ಕೀವಾಗುವುದು, ಜನ ಪಯೋರಿಯಾ ಎನ್ನುವ ರೋಗ, ಇವು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅವನ್ನು ಯಾರೂ ರೋಗವೆಂದೇ ಎಣಿಸುವುದಿಲ್ಲ. ಅಮೆರಿಕದ ಬಾಯಿಯಲ್ಲಿ ಚೆನ್ನಾಗಿ ಓಡಿದ ಪರೀಕ್ಷೆ ನಮ್ಮ ಬಾಯಿಯಲ್ಲೂ ಹಾಗೆಯೇ ಓಡಬೇಕೆಂದಿಲ್ಲ. ಆದ್ದರಿಂದ ಇವತ್ತಿಗೂ ಜೊಲ್ಲಿನ ಯಾವ ಪರೀಕ್ಷೆಯೂ ಬಯಾಪ್ಸಿಯ ಜಾಗವನ್ನು ತುಂಬಿಲ್ಲ.

ಹಾಗಾದರೆ ಈ ಶ್ರಮವೆಲ್ಲ ನೀರಿನಲ್ಲಿ ಹೋಮವೇ? ನನ್ನ ಅಭಿಪ್ರಾಯ ಹಾಗಲ್ಲ. ಊರಿಗೆಲ್ಲ ಉಗುಳಿಸುವುದಕ್ಕಿಂತ ಬೇರೊಂದು ಕಡೆ ಇದು ಕೆಲಸಕ್ಕೆ ಬರಬಹುದು. ನನ್ನ ಕುರ್ಚಿಯಲ್ಲಿ ಕೂತ ಹತ್ತು ಬಿಳಿ ಮಚ್ಚೆಗಳಲ್ಲಿ ಹೆಚ್ಚಿನವು ಎಂದೂ ಕ್ಯಾನ್ಸರಾಗುವುದಿಲ್ಲ. ಯಾವುದು ಆಗುತ್ತದೆ? ಇಂದು ಚೂರು ತೆಗೆದು ಸೂಕ್ಷ್ಮದರ್ಶಕದ ಅಡಿಯಲ್ಲಿ ಕೋಶಗಳ ರೂಪ ನೋಡಿ ಹೇಳುತ್ತೇವೆ. ಒಂದೇ ಚೂರನ್ನು ನೋಡಿ ಇಬ್ಬರು ಅನುಭವಿ ತಜ್ಞರು ಬೇರೆ ಬೇರೆ ಅಭಿಪ್ರಾಯ ಕೊಡುವುದೂ ಉಂಟು. ಕೋಶದೊಳಗಿನ ನಕಲುಗಳನ್ನೂ ಚೀಟಿಗಳನ್ನೂ ಓದಿ "ಇದನ್ನು ಬಿಡಬೇಡಿ, ಅದನ್ನು ವರ್ಷಕ್ಕೊಮ್ಮೆ ನೋಡಿ" ಎಂದು ಹೇಳುವ ಪರೀಕ್ಷೆ ಬಂದರೆ ನಾನು ಮೊದಲು ತರಿಸಿಕೊಳ್ಳುತ್ತೇನೆ.

ಅದು ಬರುವವರೆಗೆ? ಬ್ಯಾಟರಿ ಇದೆಯಲ್ಲ.

ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಒಂದು ಅಧ್ಯಯನ ಆರಂಭವಾಯಿತು. ಇಂಥದು ಅದಕ್ಕೆ ಮುಂಚೆ ಪ್ರಪಂಚದಲ್ಲಿ ಎಲ್ಲೂ ನಡೆದಿರಲಿಲ್ಲ. ಡಾ. ಆರ್. ಶಂಕರನಾರಾಯಣನ್ ಮತ್ತು ಅವರ ಸಹೋದ್ಯೋಗಿಗಳು ಹದಿಮೂರು ಪಂಚಾಯತಿಗಳನ್ನು ಆರಿಸಿ, ಏಳರಲ್ಲಿ ಮನೆಮನೆಗೆ ಹೋಗಿ ಬಾಯಿ ನೋಡುವುದು, ಆರರಲ್ಲಿ ಎಂದಿನಂತೆ ಬಿಡುವುದು ಎಂದು ಗೊತ್ತುಮಾಡಿದರು. ಒಟ್ಟು ಸುಮಾರು 1 ಲಕ್ಷ 90 ಸಾವಿರ ಜನ, ಎಲ್ಲರೂ 35 ವರ್ಷ ದಾಟಿದವರು. ಬಾಯಿ ನೋಡಿದವರು ಡಾಕ್ಟರುಗಳಲ್ಲ. ಪದವಿ ಮುಗಿಸಿದ ಸಾಮಾನ್ಯ ಯುವಜನರಿಗೆ ತರಬೇತಿ ಕೊಟ್ಟು ಕಳಿಸಿದರು. ಕಣ್ಣು ಮತ್ತು ಬೆಳಕು, ಇಷ್ಟೇ ಸಾಧನ. ಅನುಮಾನ ಬಂದವರನ್ನು ಡಾಕ್ಟರ ಬಳಿಗೆ ಕಳಿಸುವುದು. ಮೂರು ಸುತ್ತು ಹೀಗೆ ನಡೆಯಿತು. 2005ರಲ್ಲಿ ಫಲಿತಾಂಶ ಬಂತು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡ 34ರಷ್ಟು ಕಡಿಮೆಯಾಗಿತ್ತು. ಹದಿನೈದು ವರ್ಷಗಳ ನಂತರದ ಲೆಕ್ಕದಲ್ಲಿ ಆ ಇಳಿತ ಶೇಕಡ 24. ಆದರೆ ಅಭ್ಯಾಸವಿದ್ದವರಲ್ಲಿ ನಾಲ್ಕೂ ಸುತ್ತು ತಪ್ಪದೆ ಬಾಯಿ ತೋರಿಸಿದವರನ್ನಷ್ಟೇ ತೆಗೆದುಕೊಂಡರೆ ಸಾವು ಶೇಕಡ 81ರಷ್ಟು ಇಳಿದಿತ್ತು. ತಪ್ಪದೆ ತೋರಿಸಿಕೊಳ್ಳುವವರು ಬೇರೆ ವಿಷಯದಲ್ಲೂ ಜಾಗರೂಕರೇ ಇರುತ್ತಾರೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಈ ಕೊನೆಯ ಅಂಕಿಯನ್ನು ಓದಬೇಕು. ಯಾವ ಅಭ್ಯಾಸವೂ ಇಲ್ಲದವರಲ್ಲಿ ಮಾತ್ರ ಇಂಥ ಪ್ರಯೋಜನ ಕಾಣಲಿಲ್ಲ. ಅವರಲ್ಲಿ ಈ ರೋಗವೇ ವಿರಳ.

ನಮ್ಮ ಬೆಂಗಳೂರಿನಲ್ಲೂ ಇದರ ಮುಂದಿನ ಹೆಜ್ಜೆ ಇಟ್ಟವರಿದ್ದಾರೆ. ದಂತ ಮಹಾವಿದ್ಯಾಲಯದ ಡಾ. ಪ್ರವೀಣ್ ಬಿರೂರ್ ಮತ್ತು ಕ್ಯಾನ್ಸರ್ ಶಸ್ತ್ರವೈದ್ಯ ಡಾ. ಮೋನಿ ಕುರಿಯಾಕೋಸ್ ಮೊದಲಾದವರು ಹಳ್ಳಿಯ ಆರೋಗ್ಯ ಕಾರ್ಯಕರ್ತೆಯ ಕೈಗೆ ಮೊಬೈಲ್ ಫೋನ್ ಕೊಟ್ಟರು. ಆಕೆ ಮಚ್ಚೆಯ ಚಿತ್ರ ತೆಗೆದು ಕಳಿಸುತ್ತಾಳೆ, ತಜ್ಞರು ಕೂತಲ್ಲಿಂದಲೇ ನೋಡಿ ಸಲಹೆ ಕೊಡುತ್ತಾರೆ. ಅದರ ವರದಿ 2015ರಲ್ಲಿ ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಷ್ಟು ಹೇಳುವ ನಾನು ಸ್ವತಃ ಎಡವಿದ್ದೇನೆ. ವೃತ್ತಿಯ ಆರಂಭದ ದಿನಗಳು. ಲಾರಿ ಓಡಿಸುವ ಒಬ್ಬರು ನಾಲಗೆಯ ಬದಿಯ ಹುಣ್ಣು ತೋರಿಸಿದರು. ಪಕ್ಕದಲ್ಲೇ ದವಡೆ ಹಲ್ಲಿನ ಚೂಪಾದ ಅಂಚು. ಕಾರಣ ಸಿಕ್ಕಿತೆಂದು ಹಲ್ಲನ್ನು ಉಜ್ಜಿ ನಯಮಾಡಿದೆ, ಬಿ-ಕಾಂಪ್ಲೆಕ್ಸ್ ಮಾತ್ರೆ ಬರೆದೆ, "ಹತ್ತು ದಿವಸ ಬಿಟ್ಟು ಬನ್ನಿ" ಎಂದೆ. ಅವರು ಬರಲಿಲ್ಲ. ನಾನೂ ವಿಚಾರಿಸಲಿಲ್ಲ. ವಿಳಾಸವನ್ನೇ ಬರೆದುಕೊಂಡಿರಲಿಲ್ಲ. ಐದು ತಿಂಗಳ ಮೇಲೆ ಬಂದಾಗ ಕತ್ತಿನಲ್ಲಿ ನಿಂಬೆಗಾತ್ರದ ಗಂಟು. "ಚೂಪು ಹೋದ ಮೇಲೆ ಉರಿ ಕಮ್ಮಿ ಆಯ್ತಲ್ಲ ಸಾರ್, ಅದಕ್ಕೇ ಬರಲಿಲ್ಲ" ಎಂದರು. ಅಂದಿನಿಂದ ನನ್ನ ಮೇಜಿನ ಮೇಲೆ ಒಂದು ನೋಟುಪುಸ್ತಕವಿದೆ. ಹುಣ್ಣಿನವರ ಹೆಸರು, ವಿಳಾಸ, ತಾರೀಖು. ಎರಡು ವಾರಕ್ಕೆ ಬಾರದಿದ್ದರೆ ಮೊದಲು ಕಾರ್ಡು ಬರೆಯುತ್ತಿದ್ದೆ, ಈಗ ಫೋನು ಮಾಡುತ್ತೇನೆ. ಚೂಪು ಹಲ್ಲು ಮಾಡಿದ ಹುಣ್ಣು ಹಲ್ಲನ್ನು ಸರಿಪಡಿಸಿದ ಎರಡು ವಾರದಲ್ಲಿ ಮಾಯಬೇಕು. ಮಾಯದಿದ್ದರೆ ಅದಕ್ಕೆ ಮಾತ್ರೆಯಲ್ಲ, ಬಯಾಪ್ಸಿ. "ಕತ್ತರಿ ತಾಗಿಸಿದರೆ ಹರಡುತ್ತದೆ" ಎಂಬ ಮಾತು ನಮ್ಮ ಊರುಗಳಲ್ಲಿ ಓಡಾಡುತ್ತಿದೆ. ಅದು ಸುಳ್ಳು. ಹರಡುವುದು ಕಾಯುವುದರಿಂದ.

ಕತ್ತಿನ ಗಂಟಿನ ಮಾತು ಬಂತು. ಬಾಯಿಯ ಕ್ಯಾನ್ಸರ್ ಮೊದಲು ಇಳಿಯುವುದೇ ಕತ್ತಿನ ದುಗ್ಧಗ್ರಂಥಿಗಳಿಗೆ. ಗಂಟು ಕೈಗೆ ಸಿಗದಿದ್ದಾಗಲೂ ಆ ಗ್ರಂಥಿಗಳನ್ನು ಮೊದಲ ಶಸ್ತ್ರಚಿಕಿತ್ಸೆಯಲ್ಲೇ ತೆಗೆಯಬೇಕೇ, ಗಂಟು ಕಂಡ ಮೇಲೆ ತೆಗೆದರಾಯಿತೇ ಎಂದು ಪ್ರಪಂಚದ ಶಸ್ತ್ರವೈದ್ಯರು ದಶಕಗಳ ಕಾಲ ವಾದಿಸಿದರು. ಅದಕ್ಕೆ ಉತ್ತರ ಕೊಟ್ಟದ್ದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ. ಡಾ. ಅನಿಲ್ ಡಿಕ್ರೂಜ್ ಅವರ ತಂಡ 500 ರೋಗಿಗಳ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿತು. ಮೊದಲೇ ತೆಗೆದವರಲ್ಲಿ ಮೂರು ವರ್ಷದ ಮೇಲೆ ಬದುಕಿದ್ದವರು ಶೇಕಡ 80. ಕಾದು ತೆಗೆದವರಲ್ಲಿ ಶೇಕಡ 67.5. ಈಗ ಪ್ರಪಂಚವೆಲ್ಲ ಅದನ್ನು ಅನುಸರಿಸುತ್ತದೆ.

ಔಷಧಗಳ ಕಡೆಯೂ ಒಂದಿಷ್ಟು ಒಳ್ಳೆಯ ಸುದ್ದಿಯಿದೆ. ನಮ್ಮ ದೇಹದ ರಕ್ಷಣಾ ಪಡೆಯನ್ನು ಕ್ಯಾನ್ಸರ್ ಮಂಕುಬೂದಿ ಎರಚಿ ಸುಮ್ಮನಿರಿಸುತ್ತದೆ. ಆ ಮಂಕನ್ನು ಬಿಡಿಸುವ ಇಮ್ಯುನೊಥೆರಪಿ ಎಂಬ ಚಿಕಿತ್ಸೆ ಬಂದಿದೆ. ಆದರೆ ಬೆಲೆ ಕೇಳಿದರೆ ತೋಟ ಮಾರಬೇಕು. ಟಾಟಾ ಆಸ್ಪತ್ರೆಯವರು ಒಂದು ಸರಳ ಪ್ರಶ್ನೆ ಕೇಳಿದರು: ಇಷ್ಟು ಔಷಧ ನಿಜವಾಗಿ ಬೇಕೇ? ನಿವೊಲುಮ್ಯಾಬ್ ಎಂಬ ಔಷಧವನ್ನು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುತ್ತಾರೆ. ಇವರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟರು, ಅಗ್ಗದ ಮಾತ್ರೆಗಳ ಜೊತೆ. ರೋಗ ತೀರ ಮುಂದುವರಿದ, ತಲೆ ಮತ್ತು ಕತ್ತಿನ ಕ್ಯಾನ್ಸರಿನ 151 ಜನರಲ್ಲಿ ಪರೀಕ್ಷೆ ನಡೆಯಿತು. ಮಾತ್ರೆ ಮಾತ್ರ ಪಡೆದವರಲ್ಲಿ ಒಂದು ವರ್ಷದ ಮೇಲೆ ಬದುಕಿದ್ದವರು ಶೇಕಡ 16. ಈ ಚಿಟಿಕೆ ಔಷಧವೂ ಸೇರಿದವರಲ್ಲಿ ಶೇಕಡ 43. ಇದು 2023ರಲ್ಲಿ ಪ್ರಕಟವಾಯಿತು. ನನಗೆ ಈ ಅಧ್ಯಯನದ ಮೇಲೆ ವಿಶೇಷ ಪ್ರೀತಿ. ಔಷಧದ ಕಂಪನಿ ಎಂದೂ ಕೇಳದ ಪ್ರಶ್ನೆ ಅದು. 2025ರಲ್ಲಿ ಪ್ರಕಟವಾದ ಮತ್ತೊಂದು ದೊಡ್ಡ ಅಧ್ಯಯನದಲ್ಲಿ ಇದೇ ಜಾತಿಯ ಇನ್ನೊಂದು ಔಷಧವನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೂ ನಂತರವೂ ಕೊಟ್ಟಾಗ ರೋಗ ಮರುಕಳಿಸುವುದು ಕಡಿಮೆಯಾಯಿತು.

ಆರ್‌ಎನ್‌ಎಯನ್ನೇ ಲಸಿಕೆಯಾಗಿ ಮಾಡುವ ವಿದ್ಯೆ ಕೊರೋನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಬಂತು. ಅದಕ್ಕೆ ಅಡಿಗಲ್ಲು ಹಾಕಿದ ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಅವರಿಗೆ 2023ರ ನೊಬೆಲ್ ದೊರೆಯಿತು. ರೋಗಿಯ ಗಡ್ಡೆಯನ್ನೇ ಓದಿ ಅವನೊಬ್ಬನಿಗಾಗಿಯೇ ಲಸಿಕೆ ಮಾಡುವ ಪ್ರಯತ್ನ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಆಶಾದಾಯಕವಾಗಿದೆ. ಬಾಯಿಯ ಕ್ಯಾನ್ಸರಿಗೆ ಅಂಥ ಲಸಿಕೆ ಇನ್ನೂ ಚಿಕಿತ್ಸೆಯಾಗಿ ಬಂದಿಲ್ಲ. ಯಾರಾದರೂ ಇದೆ ಎಂದು ಹೇಳಿ ಹಣ ಕೇಳಿದರೆ ಕೊಡಬೇಡಿ.

ಕಡೆಗೆ ಹಲ್ಲಿನ ಮಾತು, ಅದನ್ನು ಬಿಟ್ಟರೆ ನನ್ನ ಪದವಿ ಸಿಟ್ಟಾದೀತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಬಾಯಿ ಅಥವಾ ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ, ಜನ ಕರೆಂಟು ಕೊಡಿಸುವುದು ಎನ್ನುತ್ತಾರಲ್ಲ, ಅದು ನಿಶ್ಚಯವಾಗಿದ್ದರೆ, ಅದಕ್ಕೂ ಮುಂಚೆ ಹಲ್ಲಿನ ಡಾಕ್ಟರಿಗೆ ತೋರಿಸಿ. ವಿಕಿರಣ ಬಿದ್ದ ದವಡೆಯ ಮೂಳೆಗೆ ರಕ್ತದ ಓಡಾಟ ಕಡಿಮೆಯಾಗುತ್ತದೆ. ಆಮೇಲೆ ಹಲ್ಲು ಕಿತ್ತರೆ ಆ ಗಾಯ ಮಾಯದೆ ಮೂಳೆಯೇ ಸತ್ತು ಹೊರಬರುವ ಅಪಾಯವಿದೆ. ಉಳಿಸಲಾಗದ ಹಲ್ಲನ್ನು ಚಿಕಿತ್ಸೆಗೆ ಎರಡು ವಾರ ಮುಂಚೆಯಾದರೂ ತೆಗೆಸಿ, ಗಾಯ ಮಾಯಲು ಬಿಡಬೇಕು. ಚಿಕಿತ್ಸೆ ಮುಗಿದ ಎಷ್ಟೋ ವರ್ಷಗಳ ಮೇಲೆ ಹಲ್ಲು ನೋವು ಬಂದರೂ "ನನಗೆ ಕರೆಂಟು ಕೊಟ್ಟಿದ್ದರು" ಎಂದು ಮೊದಲ ಮಾತಾಗಿ ಹೇಳಬೇಕು. ಜೊಲ್ಲುಗ್ರಂಥಿಗಳು ಸುಟ್ಟು ಬಾಯಿ ಒಣಗುತ್ತದೆ. ಜೊಲ್ಲಿಲ್ಲದ ಬಾಯಿಯಲ್ಲಿ ಹಲ್ಲು ಗೆದ್ದಲು ಹಿಡಿದಂತೆ ಹುಳುಕಾಗುತ್ತದೆ, ಅದಕ್ಕೆ ಪ್ರತಿದಿನ ಫ್ಲೋರೈಡ್ ಬೇಕು. ಜೊಲ್ಲುಗ್ರಂಥಿಯನ್ನು ತಪ್ಪಿಸಿ ಕಿರಣ ಹಾಯಿಸುವ ಹೊಸ ವಿಧಾನ ಇದೆ. ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಳೆಯ ವಿಧಾನದವರಲ್ಲಿ ಒಂದು ವರ್ಷದ ಮೇಲೂ ಬಾಯಿ ವಿಪರೀತ ಒಣಗಿದವರು ಶೇಕಡ 74 ಇದ್ದರೆ, ಹೊಸ ವಿಧಾನದವರಲ್ಲಿ ಶೇಕಡ 38. ನಿಮ್ಮ ಆಸ್ಪತ್ರೆಯಲ್ಲಿ ಅದು ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಮಲೆನಾಡಿನ ಆ ಅಮ್ಮನನ್ನು ಮರೆತಿಲ್ಲ. ಬಯಾಪ್ಸಿಯಲ್ಲಿ ಕೋಶಗಳು ಕೆಟ್ಟಿದ್ದವು, ಆದರೆ ಕ್ಯಾನ್ಸರಾಗಿರಲಿಲ್ಲ. ಮಚ್ಚೆಯನ್ನು ತೆಗೆಸಿದೆವು. ಮೂರು ತಿಂಗಳಿಗೊಮ್ಮೆ ತಪ್ಪದೆ ಬರುತ್ತಾರೆ, ಕುರ್ಚಿಯಲ್ಲಿ ಕೂತವರೇ ಕೇಳದೆಯೇ ಬಾಯಿ ತೆರೆಯುತ್ತಾರೆ. ಕವಳದ ಸಂಚಿಯನ್ನು ಸೊಸೆ ಅಟ್ಟದ ಮೇಲೆ ಇಟ್ಟಿದ್ದಾರಂತೆ. ಕಳೆದ ಬಾರಿ ಹೋಗುವಾಗ ಬಾಗಿಲ ಬಳಿ ನಿಂತು, ಮಗನಿಗೆ ಕೇಳಿಸದ ಹಾಗೆ, "ಡಾಕ್ಟ್ರೇ, ಬರೀ ವೀಳ್ಯದೆಲೆ ತಿನ್ನಬಹುದಾ? ಅಡಿಕೆ ಬೇಡ, ಸುಣ್ಣ ಬೇಡ, ಎಲೆ ಮಾತ್ರ?" ಎಂದು ಕೇಳಿದರು. "ಎಲೆ ಮಾತ್ರ ಆದರೆ ಆಗಲಿ ಅಮ್ಮ, ಊಟ ಆದ ಮೇಲೆ ಒಂದು. ಜಗಿದು ಮುಗಿಸಿಬಿಡಿ, ಕೆನ್ನೆಯಲ್ಲಿ ಇಟ್ಟುಕೊಳ್ಳಬೇಡಿ" ಎಂದೆ. ಮುಂದಿನ ಸಲ ಬಂದಾಗ ಬ್ಯಾಟರಿ ಹಿಡಿದು ಎಡಗೆನ್ನೆಯನ್ನೇ ಮೊದಲು ನೋಡುತ್ತೇನೆ.